ಹದಿನೈದನೆಯ ಕೋಲು

ನಾನು ಒಂದು ಪಟ್ಟರ್. ಗಾಲ್ಫ್ ಆಡುವವರ ಚೀಲದಲ್ಲಿ ಉಳಿದ ಕೋಲುಗಳ ಕೆಲಸ ಚೆಂಡನ್ನು ಹಾರಿಸುವುದು. ನನ್ನ ಕೆಲಸ ಉರುಳಿಸುವುದು. ಗ್ರೀನ್ ಎಂದು ಕರೆಯುವ, ನೆಲಕ್ಕೆ ಅಂಟಿದಂತೆ ಕತ್ತರಿಸಿದ ಹುಲ್ಲಿನ ಮೇಲೆ, ಕುಳಿಯವರೆಗಿನ ಕೊನೆಯ ಕೆಲವು ಅಡಿಗಳಷ್ಟೇ ನನ್ನ ಪಾಲು. ಅಲ್ಲಿಂದ ನನಗೆ ಕಾಣುವುದು ಒಂದು ಬಿಳಿ ಚೆಂಡು, ಎರಡು ಬೂಟು. ಮನುಷ್ಯರನ್ನು ನಾನು ಮೊದಲು ಬೂಟಿನಿಂದ ಗುರುತಿಸುತ್ತೇನೆ, ಆಮೇಲೆ ದನಿಯಿಂದ. ಮುಖದಿಂದ ಗುರುತಿಸಿದ್ದು ಕಡಮೆ.

ನಾನು ಹುಟ್ಟಿದ್ದು ಕೊಯಮತ್ತೂರಿನ ಒಂದು ಎರಕದ ಕಾರ್ಖಾನೆಯಲ್ಲಿ. ಅಲ್ಲಿ ತಯಾರಾಗುತ್ತಿದ್ದುದು ನೀರೆತ್ತುವ ಪಂಪುಗಳು, ಗಾಲ್ಫ್ ಕೋಲುಗಳಲ್ಲ. ಮಾಲೀಕನಿಗೆ ಗಾಲ್ಫಿನ ಹುಚ್ಚಿತ್ತು. ಪಂಪಿನೊಳಗೆ ತಿರುಗುವ ಚಕ್ರಗಳಿಗೆ ಹೊಯ್ದು ಮಿಕ್ಕ ಕಂಚಿನಲ್ಲಿ ಅವನು ಒಮ್ಮೆ ನಾಲ್ಕಾರು ಪಟ್ಟರ್ ತಲೆಗಳನ್ನು ಎರಕ ಹೊಯ್ಯಿಸಿದ. ಬೇರೆಯವು ಏನಾದವೋ ತಿಳಿಯದು. ನನ್ನ ತಲೆಯ ಹಿಂಬದಿಯಲ್ಲಿ ಅಚ್ಚಿನ ಮರಳು ಕಚ್ಚಿದ ಒಂದು ಸಣ್ಣ ಗುಳಿ ಉಳಿದುಹೋಯಿತು. ಅದನ್ನು ಉಜ್ಜಿ ತೆಗೆಯುವ ಗೋಜಿಗೆ ಯಾರೂ ಹೋಗಲಿಲ್ಲ. ಅಂಗಡಿಯಲ್ಲಿ ಸಿಗುವ ಪಟ್ಟರ್‌ಗಳಿಗಿಂತ ನಾನು ಭಾರ. ಚೆಂಡಿಗೆ ತಾಗಿದಾಗ ಪೂಜೆಯ ಗಂಟೆಗೆ ಉಗುರು ತಾಕಿದಷ್ಟು ಸದ್ದು ಮಾಡುತ್ತೇನೆ.

ಆ ಮಾಲೀಕ ನನ್ನನ್ನು ಮೈಸೂರಿನಲ್ಲಿದ್ದ ತನ್ನ ಹಾಸ್ಟೆಲ್ ದಿನಗಳ ಗೆಳೆಯನಿಗೆ ಉಡುಗೊರೆ ಕೊಟ್ಟ. ಗೆಳೆಯ ಹಲ್ಲಿನ ಡಾಕ್ಟರು, ಹೆಸರು ಪದ್ಮನಾಭಯ್ಯ. ಕಂದು ಚರ್ಮದ ಬೂಟು, ಬಲಗಾಲಿನದರ ಮೂತಿ ಸವೆದಿತ್ತು. ಚಾಮುಂಡಿ ಬೆಟ್ಟದ ತಪ್ಪಲಿನ ಮೈದಾನದಲ್ಲಿ ಅವರು ವಾರಕ್ಕೆ ಮೂರು ಬೆಳಗು ಆಡುತ್ತಿದ್ದರು. ಚೆಂಡಿನ ಹಿಂದೆ ನನ್ನನ್ನು ಇಟ್ಟು ನಿಂತಾಗಲೆಲ್ಲ, ಕುರ್ಚಿಯಲ್ಲಿ ಬಾಯಿ ತೆರೆದು ಕುಳಿತ ರೋಗಿಗೆ ಹೇಳುವ ಮಾತನ್ನೇ ಚೆಂಡಿಗೂ ಹೇಳುತ್ತಿದ್ದರು: "ಒಂದೇ ನಿಮಿಷ. ನೋವಾಗಲ್ಲ." ಜೊತೆಗಾರರು ನಗುತ್ತಿದ್ದರು. ಡಾಕ್ಟರಿಗೆ ತಾವು ಹಾಗೆ ಹೇಳುತ್ತೇವೆಂಬುದೇ ಗೊತ್ತಿರಲಿಲ್ಲ.

ಅವರ ಚೀಲ ಹೊರುತ್ತಿದ್ದ ಕ್ಯಾಡಿ ಚೆಲುವರಾಜು, ಮೈದಾನದ ಪಕ್ಕದ ಕುರುಬಾರಹಳ್ಳಿಯವನು. ಸೋಮವಾರ ಕ್ಲಬ್ಬಿಗೆ ರಜೆ. ಸದಸ್ಯರಿಲ್ಲದ ಆ ಒಂದು ದಿನ ಕ್ಯಾಡಿಗಳು ಆಡಬಹುದು ಎಂಬುದು ಅಲ್ಲಿಯ ರೂಢಿ. ಡಾಕ್ಟರು ನನ್ನನ್ನು ಭಾನುವಾರ ಸಂಜೆ ಅವನ ಕೈಗೆ ಕೊಟ್ಟು ಮಂಗಳವಾರ ಬೆಳಗ್ಗೆ ಹಿಂತಿರುಗಿ ಪಡೆಯುತ್ತಿದ್ದರು. ಅವರ ಮಂಡಿ ಸೋತ ವರ್ಷ ಹಿಂತಿರುಗಿ ಪಡೆಯಲಿಲ್ಲ. ಹೀಗೆ ನಾನು ಚೆಲುವರಾಜುವಿನದಾದೆ. ಅವನೂ ಚೆಂಡಿನ ಮೇಲೆ ಬಗ್ಗಿ ತುಟಿಯಲ್ಲೇ "ನೋವಾಗಲ್ಲ" ಅನ್ನುತ್ತಿದ್ದ. ಅದನ್ನು ಅವನು ಆಟದ ಒಂದು ಭಾಗವೆಂದೇ ಕಲಿತಿದ್ದ.

ಅವನು ವೃತ್ತಿಪರ ಆಟಗಾರನಾದದ್ದು, ದೊಡ್ಡ ಟೂರಿನಲ್ಲಿ, ಎಂದರೆ ಊರೂರು ತಿರುಗುವ ಪಂದ್ಯಸರಣಿಯಲ್ಲಿ, ನಿಲ್ಲಲಾರದೆ ದಕ್ಷಿಣ ವಲಯದ ಚಿಕ್ಕ ಟೂರಿಗೆ ಇಳಿದದ್ದು, ಅಲ್ಲಿ ಹನ್ನೆರಡು ವರ್ಷ ಕಳೆದದ್ದು, ಇವನ್ನೆಲ್ಲ ವಿವರಿಸುವುದಿಲ್ಲ. ಒಂದು ಸೀಸನ್ನಿನ ಕಥೆ ಹೇಳಿದರೆ ಸಾಕು. ಅದೇ ಕೊನೆಯದು.

ಆ ಸೀಸನ್ನಿಗೆ ಅವನು ಮೂವತ್ತೊಂಬತ್ತರವನು. ಮದುವೆಯಾಗಿರಲಿಲ್ಲ. ಈ ಸೀಸನ್ ಮುಗಿಯಲಿ ಎಂದು ಪ್ರತಿ ವರ್ಷ ಮುಂದೂಡಿ, ಕೇಳುವವರೇ ಕೇಳುವುದನ್ನು ಬಿಟ್ಟಿದ್ದರು. ಅವನ ಚೀಲ ಹೊರುತ್ತಿದ್ದವನು ಅಕ್ಕನ ಗಂಡ ಕಾಳಯ್ಯ. ಹಿಮ್ಮಡಿ ಕಡೆ ಹೊಲಿಗೆ ಹಾಕಿಸಿದ ಬಿಳಿ ಕ್ಯಾನ್ವಾಸ್ ಬೂಟು. ಟೂರಿನ ನಿಯಮ ಸರಳ: ಸೀಸನ್ನಿನ ಕೊನೆಗೆ ಅಂಕಪಟ್ಟಿಯ ಮೊದಲ ಐವತ್ತು ಜನರಿಗೆ ಮುಂದಿನ ಸೀಸನ್ ಆಡುವ ಹಕ್ಕು ಉಳಿಯುತ್ತದೆ. ಅದನ್ನು ಕಾರ್ಡ್ ಎನ್ನುತ್ತಾರೆ. ಉಳಿದವರು ಹೊಸಬರ ಜೊತೆ ಅರ್ಹತಾ ಸುತ್ತಿಗೆ ಹೋಗಿ ಮತ್ತೆ ಗೆದ್ದು ಬರಬೇಕು. ಈ ಸಲ ಕಾರ್ಡ್ ಹೋದರೆ ಅರ್ಹತಾ ಸುತ್ತಿಗೆ ಹೋಗುವುದಿಲ್ಲ, ಭಾವನನ್ನೂ ಮನೆಗೆ ಕಳಿಸಿಬಿಡುತ್ತೇನೆ ಎಂದು ಚೆಲುವರಾಜು ಅಕ್ಕನಿಗೆ ಮಾತು ಕೊಟ್ಟು ಹೊರಟಿದ್ದ.

ಟೂರ್ ಅಂದರೆ ಟಿವಿಯಲ್ಲಿ ಕಾಣುವಂಥದ್ದಲ್ಲ. ಚೆನ್ನೈಗೆ ರೈಲು, ಹೈದರಾಬಾದಿಗೆ ರೈಲು, ಕೊಚ್ಚಿಗೆ ಬಸ್ಸು. ನಿಲ್ದಾಣದ ಹತ್ತಿರದ ಲಾಡ್ಜು, ಇಬ್ಬರಿಗೆ ಒಂದು ಕೋಣೆ. ನಾಲ್ಕು ದಿನದ ಪಂದ್ಯದಲ್ಲಿ ಎರಡನೆಯ ದಿನದ ಕೊನೆಗೆ ಅರ್ಧಕ್ಕರ್ಧ ಜನ ಹೊರಬೀಳುತ್ತಾರೆ. ಅದು ಶುಕ್ರವಾರವೇ ಆಗಿರುತ್ತದೆ. ಶುಕ್ರವಾರ ಸಂಜೆ ಲಾಡ್ಜಿನ ಮೆಟ್ಟಿಲ ಮೇಲೆ ಚೀಲಗಳು ಇಳಿಯುವ ಸದ್ದು ನನಗೆ ಚೆನ್ನಾಗಿ ಗೊತ್ತು. ಇಳಿಯುವವರು ಉಳಿಯುವವರ ಮುಖ ನೋಡುವುದಿಲ್ಲ. ಉಳಿಯುವವರೂ ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ. ಇದು ಅವರವರಲ್ಲಿ ಆಗಿಬಂದ ಮರ್ಯಾದೆ.

ಸಂಜೆಗಳಲ್ಲಿ ಚೆಲುವರಾಜು ಲಾಡ್ಜಿನ ನೆಲದ ಮೇಲೆ ಸ್ಟೀಲ್ ಲೋಟ ಮಲಗಿಸಿ, ಗೋಡೆಯ ಬದಿಯಿಂದ ಚೆಂಡನ್ನು ಅದರೊಳಗೆ ಉರುಳಿಸುತ್ತಿದ್ದ. ಅಲ್ಲಿ ತಪ್ಪುತ್ತಿರಲಿಲ್ಲ. ಮೈದಾನದಲ್ಲಿ ತಪ್ಪತೊಡಗಿತು. ಮೂರು ಅಡಿ, ನಾಲ್ಕು ಅಡಿಯ ಚೆಂಡುಗಳು, ಯಾರು ಬೇಕಾದರೂ ಹಾಕುವಂಥವು. ಕಾರಣ ನನಗೆ ಅವನಿಗಿಂತ ಮೊದಲು ತಿಳಿಯಿತು. ನನ್ನನ್ನು ಹಿಂದಕ್ಕೆ ಒಯ್ದು ಮುಂದಕ್ಕೆ ತರುವ ನಡುವಿನ ಕ್ಷಣದಲ್ಲಿ ಅವನ ಬಲಗೈ ಒಂದು ಸಣ್ಣ ಜಗ್ಗು ಜಗ್ಗುತ್ತಿತ್ತು. ಭಯಕ್ಕೆ ಕೈಯೊಳಗೆ ಸೇರಿಕೊಳ್ಳಲು ಅಷ್ಟು ಜಾಗ ಸಾಕು. ಲಾಡ್ಜಿನಲ್ಲಿ ಆ ಜಗ್ಗು ಇರುತ್ತಿರಲಿಲ್ಲ.

"ಲೋಟುಕ್ಕೆ ಒಂದೂ ತಪ್ಪಾಕಿಲ್ಲ," ಎಂದ ಕಾಳಯ್ಯ ಒಂದು ಸಂಜೆ, ಮಂಚದ ಮೇಲೆ ಕಾಲು ಒತ್ತಿಕೊಳ್ಳುತ್ತ. "ನಾಳಿಕೆ ಇದ್ನೇ ತಕ್ಕಂಡೋಗಿ ಕುಳಿಲಿ ಮಡಗ್ಲೇನ್ಲಾ?"

ಚೆಲುವರಾಜು ನಕ್ಕ. ಮಾರನೆಯ ದಿನ ಕೊಚ್ಚಿಯಲ್ಲಿ ಒಂದೇ ಸುತ್ತಿನಲ್ಲಿ ಮೂರು ತಪ್ಪಿಸಿದ. ಶುಕ್ರವಾರ ಮೆಟ್ಟಿಲಿಳಿದ ಚೀಲಗಳಲ್ಲಿ ನಮ್ಮದೂ ಇತ್ತು.

ಮುಂದಿನ ಪಂದ್ಯಕ್ಕೆ ಹೊಸ ಪಟ್ಟರ್ ಬಂತು. ದೊಡ್ಡ ತಲೆ, ಅರ್ಧಚಂದ್ರಾಕಾರ, ಮೇಲೆ ಬಿಳಿಯ ಗೆರೆ. ಕೈ ಜಗ್ಗಿದರೂ ತಲೆ ತಿರುಗದಂತೆ ಮಾಡಿದ್ದು. ಚೆಂಡಿಗೆ ತಾಗುವ ಕಡೆ ಮೆತ್ತನೆಯ ಪ್ಲಾಸ್ಟಿಕ್ಕು. ಅದರ ಬಗ್ಗೆ ದೂರು ಹೇಳುವುದು ನ್ಯಾಯವಲ್ಲ. ಅದು ಬಂದ ಮೇಲೆ ಚೆಲುವರಾಜು ಸಾಲಾಗಿ ನಾಲ್ಕು ಪಂದ್ಯಗಳಲ್ಲಿ ಶನಿವಾರ, ಭಾನುವಾರ ಆಡಿದ. ನಿಯಮದ ಪ್ರಕಾರ ಚೀಲದಲ್ಲಿ ಹದಿನಾಲ್ಕು ಕೋಲುಗಳಿಗೆ ಮಾತ್ರ ಅವಕಾಶ. ಒಂದು ಬಂದರೆ ಒಂದು ಹೋಗಬೇಕು. ಹೋದದ್ದು ನಾನು.

ಆದರೆ ಅವನು ನನ್ನನ್ನು ಮನೆಯಲ್ಲಿ ಬಿಡಲಿಲ್ಲ. ಪ್ರಯಾಣದಲ್ಲಿ ಚೀಲಕ್ಕೆ ತೊಡಿಸುವ ದಪ್ಪ ಹೊದಿಕೆಯ ಪಕ್ಕದ ಜೇಬಿನಲ್ಲಿ, ಛತ್ರಿಯ ಜೊತೆ ನನ್ನನ್ನೂ ತುರುಕುತ್ತಿದ್ದ. ಊರು ತಲುಪಿದ ಮೇಲೆ ಚೀಲ ಮೈದಾನಕ್ಕೆ ಹೋಗುತ್ತಿತ್ತು, ಹೊದಿಕೆ ಕೋಣೆಯಲ್ಲಿ ಉಳಿಯುತ್ತಿತ್ತು. ಆ ತಿಂಗಳುಗಳಲ್ಲಿ ನಾನು ಕಂಡ ಊರುಗಳೆಂದರೆ ಮಂಚದ ಕೆಳಗಿನ ಕತ್ತಲು. ಒಂದೂರಿನಲ್ಲಿ ನೀರಿನ ಟ್ಯಾಂಕು ತುಂಬಿ ಸುರಿಯುವ ಸದ್ದು, ಇನ್ನೊಂದೂರಿನಲ್ಲಿ ಪಕ್ಕದ ಮಸೀದಿಯ ಬಾಂಗು, ಮತ್ತೊಂದರಲ್ಲಿ ದಿನವಿಡೀ ನೆಲ ಒರೆಸುವ ಹೆಂಗಸಿನ ಗುನುಗು. ಸಂಜೆ ಅವರಿಬ್ಬರೂ ಬಂದು ಬಾಗಿಲು ತೆಗೆದಾಗ, ಬೂಟು ಬಿಚ್ಚುವ ರೀತಿಯಿಂದಲೇ ಆ ದಿನದ ಆಟ ಹೇಗಿತ್ತೆಂದು ಅಂದಾಜು ಮಾಡುತ್ತಿದ್ದೆ. ಲೋಟದ ಅಭ್ಯಾಸ ನಡೆಯುತ್ತಲೇ ಇತ್ತು. ಈಗ ಕೇಳುತ್ತಿದ್ದುದು ಹೊಸದರ ಮೆತ್ತನೆಯ ಸದ್ದು. ಒಂದನ್ನು ಮಾತ್ರ ಗಮನಿಸಿದೆ. ಅದರೊಡನೆ ಅವನು "ನೋವಾಗಲ್ಲ" ಅನ್ನುತ್ತಿರಲಿಲ್ಲ.

ಸೀಸನ್ನಿನ ಕೊನೆಯ ಪಂದ್ಯ ಊಟಿಯಲ್ಲಿ, ಜನವರಿಯಲ್ಲಿ. ಮೂರು ದಿನದ ಆಟ ಮುಗಿದಾಗ ಚೆಲುವರಾಜು ಐವತ್ತರ ಗಡಿಯಲ್ಲೇ ಇದ್ದ. ಅಂಕಗಳನ್ನು ಕೂಡಿಸಿ ನೋಡಿದ ಟೂರಿನವರು ಅವನಿಗೆ ಒಂದು ಮಾತು ಹೇಳಿದರು: ಭಾನುವಾರ ಪಾರ್ ಆಡಿದರೆ, ಎಂದರೆ ಮೈದಾನಕ್ಕೆ ನಿಗದಿಯಾದ ಹೊಡೆತಗಳಲ್ಲೇ ಸುತ್ತು ಮುಗಿಸಿದರೆ, ಕಾರ್ಡ್ ಉಳಿಯುತ್ತದೆ. ಒಂದು ಹೆಚ್ಚಾದರೆ ಇಲ್ಲ. ಈ ಲೆಕ್ಕ ಸರಿಯಾಗಿತ್ತೆಂಬುದು ಆಮೇಲೆ ಗೊತ್ತಾಯಿತು.

ಊಟಿಯ ಗ್ರೀನ್‌ಗಳು ಬೆಳಗಿನ ಚಳಿಗೆ ಮಂದವಾಗಿರುತ್ತವೆ. ಚೆಂಡು ಓಡುವುದಿಲ್ಲ. ಭಾರದ ಕೋಲು ಬೇಕೇನೋ ಎಂದು ಚೆಲುವರಾಜುವಿಗೆ ಅನ್ನಿಸಿತು. ಭಾನುವಾರ ಬೆಳಗ್ಗೆ ಛತ್ರಿಯ ಪಕ್ಕದಿಂದ ನನ್ನನ್ನು ಎಳೆದು ಮೈದಾನಕ್ಕೆ ತಂದ. ಅಷ್ಟು ದಿನಗಳ ನಂತರ ನನಗೆ ಬಿಸಿಲು ಕಂಡಿತು, ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಿರುವುದು ಕಂಡಿತು. ಹೆಪ್ಪು ಕರಗುವವರೆಗೆ ಗ್ರೀನ್ ಮೇಲೆ ಯಾರೂ ಕಾಲಿಡುವಂತಿಲ್ಲ. ಎಲ್ಲರೂ ಕೈಯುಜ್ಜುತ್ತ ಕಾದರು. ಆಟ ತಡವಾಯಿತು.

ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ. ಚೀಲದಲ್ಲಿ ಮೂರನೇ ನಂಬರಿನ ಐರನ್ ಎಂಬ ಉದ್ದ ಕೋಲೊಂದಿತ್ತು. ಅದರ ಹಿಡಿಯ ರಬ್ಬರು ನುಣುಪಾಗಿತ್ತೆಂದು ಹಿಂದಿನ ಸಂಜೆ ಹಿಡಿ ಬದಲಿಸುವವನಿಗೆ ಕೊಟ್ಟಿದ್ದರು. ಅವನಿನ್ನೂ ತಂದಿರಲಿಲ್ಲ. ಹಾಗಾಗಿ ಚೀಲದಲ್ಲಿ ಒಂದು ಜಾಗ ಖಾಲಿ. ಅಭ್ಯಾಸದ ಗ್ರೀನ್ ಪಕ್ಕದಲ್ಲಿ ಕಾಳಯ್ಯ ಎಂದಿನಂತೆ ಕೋಲುಗಳನ್ನು ಎಣಿಸಿದ. ಅವನ ಎಣಿಕೆ ಕಣ್ಣಿನದಲ್ಲ, ಕೈಯದು. ಶಾಲೆಯ ಮಕ್ಕಳನ್ನು ಬಸ್ಸಿಗೆ ಹತ್ತಿಸುವವರ ಹಾಗೆ ಒಂದೊಂದರ ತಲೆ ಮುಟ್ಟುತ್ತ ಹೋಗುತ್ತಾನೆ. ಹೊಸ ಪಟ್ಟರನ್ನೂ ನನ್ನನ್ನೂ ಸೇರಿಸಿ ಒಟ್ಟು ಹದಿನಾಲ್ಕು. ಎರಡೂ ಇರಲಿ, ಮೊದಲ ಗ್ರೀನ್ ನೋಡಿಕೊಂಡು ತೀರ್ಮಾನಿಸೋಣ ಎಂದರು. ಅದು ನಿಯಮಕ್ಕೆ ಸರಿಯಾಗಿಯೇ ಇತ್ತು.

ಆಗ ಆಟ ಶುರುವೆಂದು ಕರೆ ಬಂತು. ಕಾಳಯ್ಯ ಟವೆಲ್ ಒದ್ದೆ ಮಾಡಿಕೊಂಡು ಬರಲು ನಲ್ಲಿಯ ಕಡೆ ಹೋದ. ಅವನು ಅತ್ತ ಹೋದಾಗ ಹಿಡಿ ಬದಲಿಸುವವನು ಓಡಿಬಂದು ಐರನ್ನನ್ನು ಚೆಲುವರಾಜುವಿನ ಕೈಗೆ ಕೊಟ್ಟ. ಚೆಲುವರಾಜುವಿನ ಕಣ್ಣು ಆಗಲೇ ಮೊದಲ ಹೊಡೆತದ ದಾರಿಯ ಮೇಲಿತ್ತು. ಐರನ್ನಿನ ಜಾಗ ಖಾಲಿ ಕಂಡಿತು. ಕೈ ತಾನಾಗಿ ತುಂಬಿಸಿತು. ಹನ್ನೆರಡು ವರ್ಷ ಆ ಕೋಲು ಇದ್ದ ಜಾಗ ಅದು.

ಮೊದಲ ಗ್ರೀನ್‌ನಲ್ಲಿ ಅವನು ನನ್ನನ್ನು ಕೇಳಿ ತೆಗೆದುಕೊಂಡ. ಚೆಂಡು ಕುಳಿಯಿಂದ ಎಂಟು ಹೆಜ್ಜೆ ದೂರದಲ್ಲಿತ್ತು. "ನೋವಾಗಲ್ಲ," ಎಂದ. ಕೈ ಜಗ್ಗಲಿಲ್ಲ. ಚೆಂಡು ಹುಲ್ಲಿನ ಮೇಲಿನ ನೀರಿನಲ್ಲಿ ಒಂದು ಗೆರೆ ಎಳೆಯುತ್ತ ಹೋಗಿ ಬಿತ್ತು. ಪಾರಿಗೆ ಒಂದು ಕಡಮೆ. ಎರಡನೆಯ ಗ್ರೀನ್‌ನಲ್ಲೂ ನಾನೇ. ಅಲ್ಲಿ ಪಾರ್. ಕಾಳಯ್ಯ ನನ್ನ ಮುಖ ಒರೆಸುವಾಗ ಏನೋ ಗುನುಗುತ್ತಿದ್ದ. ಹನ್ನೆರಡು ವರ್ಷದಲ್ಲಿ ಅವನು ಹಾಗೆ ಗುನುಗಿದ್ದು ಅಪರೂಪ.

ಮೂರನೆಯ ಕುಳಿಯ ಆರಂಭದಲ್ಲಿ ಮುಂದಿನ ತಂಡ ಇನ್ನೂ ದಾರಿ ಬಿಟ್ಟಿರಲಿಲ್ಲ. ಕಾಯಬೇಕಾಯಿತು. ಜೊತೆಗೆ ಆಡುತ್ತಿದ್ದ ಚೆನ್ನೈನ ಅರವಿಂದನ್ ಆಚೆ ನಿಂತು ನೀರು ಕುಡಿಯುತ್ತಿದ್ದ. ಬಿಡುವಿನಲ್ಲಿ ಕಾಳಯ್ಯನ ಕೈ ಅಭ್ಯಾಸಬಲದಿಂದ ತಲೆಗಳ ಮೇಲೆ ಓಡಾಡಿತು. ನಿಂತಿತು. ಇನ್ನೊಮ್ಮೆ ಮೊದಲಿನಿಂದ ಓಡಾಡಿತು. ಆಮೇಲೆ ಅವನು ನನ್ನ ಕತ್ತು ಹಿಡಿದು ಅರ್ಧ ಮೇಲಕ್ಕೆ ಎಳೆದ. ಎರಡು ಮಾರು ದೂರದಲ್ಲಿ ಹಳದಿ ಹೂವಿನ ಮುಳ್ಳುಪೊದೆ ಇತ್ತು, ಒಳಗೆ ಹೋದದ್ದು ಹೊರಗೆ ಕಾಣದಷ್ಟು ದಟ್ಟ. ಅವನು ಪೊದೆಯನ್ನು ನೋಡಿದ. ಅವನ ಮನಸ್ಸಿನಲ್ಲಿ ಏನಿತ್ತೆಂದು ಹೇಳಲು ನನ್ನಲ್ಲಿ ಆಧಾರವಿಲ್ಲ. ಬೆರಳು ಬಿಗಿಯಾದದ್ದು ಮಾತ್ರ ಗೊತ್ತು.

"ಚೆಲ್ವ, ಬಾ ಇಲ್ಲಿ."

"ಏನ್ ಭಾವ?"

"ಐರನ್ ಯಾವಾಗ ಬಂತ್ಲಾ?"

"ಶುರುಲ್ಲೇ ತಂದ್ಕೊಟ್ಟ. ನಾನೇ ಇಟ್ಟೆ," ಎಂದ ಚೆಲುವರಾಜು. ಹೇಳಿ ಮುಗಿಸುವಷ್ಟರಲ್ಲಿ ಅವನ ಮುಖ ಬದಲಾಯಿತು. ಆ ಮುಖ ನಾನು ಸರಿಯಾಗಿ ನೋಡಿದ್ದೇನೆ. ಚೀಲದಿಂದ ಅರ್ಧ ಹೊರಗಿದ್ದೆನಲ್ಲ.

ಕಾಳಯ್ಯ ದನಿ ತಗ್ಗಿಸಿದ. "ಯಾರೂ ನೋಡಿಲ್ಲ ಕಣ್ಲಾ."

ಚೆಲುವರಾಜು ಅರವಿಂದನ್ ಕಡೆ ನೋಡಲಿಲ್ಲ, ಪೊದೆಯ ಕಡೆಯೂ ನೋಡಲಿಲ್ಲ. "ಈಗ ನೀನು ಎಣ್ಸಿದ್ಯಲ್ಲ ಭಾವ," ಎಂದ.

ಆಮೇಲೆ ಅವನೇ ಹೋಗಿ ಅರವಿಂದನ್‌ಗೆ ಹೇಳಿದ. ರೆಫರಿ ಬಂದರು, ಸೌಜನ್ಯದಿಂದಲೇ ವಿವರಿಸಿದರು. ಹದಿನೈದು ಕೋಲಿನೊಡನೆ ಆಡಿದ ಮೊದಲ ಕುಳಿಗೆ ಎರಡು ಹೊಡೆತ, ಎರಡನೆಯದಕ್ಕೆ ಎರಡು, ಒಟ್ಟು ನಾಲ್ಕು ದಂಡ. ಒಂದು ಕೋಲನ್ನು ಈಗಲೇ ಆಟದಿಂದ ತೆಗೆಯಬೇಕು, ಯಾವುದೆಂಬುದು ಆಟಗಾರನ ಆಯ್ಕೆ. ತೆಗೆದದ್ದು ಎಲ್ಲರಿಗೂ ತಿಳಿಯುವಂತೆ ಅದನ್ನು ಚೀಲದಲ್ಲಿ ತಲೆಕೆಳಗಾಗಿ ನಿಲ್ಲಿಸಿದರೆ ಆಯಿತು.

"ಹೊಸದ ತೆಗ್ದಾಕು," ಎಂದ ಕಾಳಯ್ಯ. "ಇವತ್ತು ಇದು ಚೆನ್ನಾಗ್ ಓಡ್ತಾ ಅದೆ."

ಚೆಲುವರಾಜು ನನ್ನನ್ನು ಎಳೆದು, ತಿರುಗಿಸಿ, ತಲೆ ಕೆಳಗೆ ಮಾಡಿ ಚೀಲದೊಳಗೆ ಇಳಿಸಿದ. ಕಾರಣ ಹೇಳಲಿಲ್ಲ. ನಾನೂ ಊಹಿಸುವುದಿಲ್ಲ.

ಚೀಲದ ತಳದಲ್ಲಿ ಕತ್ತಲು. ಉಳಿದ ಕೋಲುಗಳ ರಬ್ಬರು ಹಿಡಿಗಳ ನಡುವೆ ನನ್ನ ತಲೆ. ನಾಲ್ಕು ದಂಡದಲ್ಲಿ ಮೊದಲ ಕುಳಿಯ ಉಳಿತಾಯ ಒಂದು ಕಳೆದು, ಉಳಿದ ಹದಿನಾರು ಕುಳಿಗಳಲ್ಲಿ ಅವನು ಪಾರಿಗಿಂತ ಮೂರು ಕಡಮೆ ಆಡಬೇಕಿತ್ತು. ನಾನು ಆ ಆಟವನ್ನು ನೋಡಲಿಲ್ಲ, ಕೇಳಿದೆ. ಕಾಳಯ್ಯನ ಉಸಿರು, ಏರಿನಲ್ಲಿ ಗಟ್ಟಿ, ಇಳಿಜಾರಿನಲ್ಲಿ ಮೆದು. ಕೋಲುಗಳು ಒಂದಕ್ಕೊಂದು ತಾಗುವ ಸದ್ದು. ಇಬ್ಬರೂ ಕುಳಿಗೆ ಇನ್ನೆಷ್ಟು ಗಜ ಎಂಬ ಅಳತೆ ಬಿಟ್ಟು ಬೇರೆ ಮಾತಾಡಲಿಲ್ಲ. ಅವನು ಚೆನ್ನಾಗಿಯೇ ಆಡಿದ. ಏಳನೆಯ ಕುಳಿಯಲ್ಲಿ ಒಂದು ಕಡಮೆಯಾಯಿತು. ಹದಿಮೂರರಲ್ಲಿ ಇನ್ನೊಂದು. ಎರಡು ಸಲವೂ ಮೆತ್ತನೆಯ ಪ್ಲಾಸ್ಟಿಕ್ಕಿನ ಸದ್ದು, ತುಸು ಮೌನ, ಆಮೇಲೆ ಚೆಂಡು ಕುಳಿಯ ತಳ ಮುಟ್ಟುವ ಟಕ್ ಎಂಬ ಸದ್ದು. ಅದು ನನ್ನ ಜನ್ಮದ ಸದ್ದು. ಇನ್ನೊಬ್ಬರ ಹೊಡೆತದಿಂದ ಬಂದರೂ ನನಗೆ ಖುಷಿಯೇ ಆಯಿತು ಎಂದು ಹೇಳಿದರೆ ಪೂರ್ತಿ ನಿಜವಾಗುವುದಿಲ್ಲ.

ಕೊನೆಯ ಗ್ರೀನ್. ಕಾಳಯ್ಯ ಚೀಲವನ್ನು ಅಂಚಿನಲ್ಲಿ ಮಲಗಿಸಿದ. ಬಾವುಟದ ಕಂಬ ಕೆಳಗಿಟ್ಟ ಸದ್ದಾಯಿತು. ಈ ಚೆಂಡು ಬಿದ್ದರೆ ಮೂರನೆಯದೂ ಕಡಮೆಯಾಗಿ ಇಡೀ ಸುತ್ತು ಪಾರ್, ಕಾರ್ಡ್ ಉಳಿಯುತ್ತದೆ. ಚೀಲದ ಬಾಯಿ ಅವನ ಕಡೆಗೇ ಇತ್ತೆಂದು ಕಾಣುತ್ತದೆ, ದನಿ ಸ್ಪಷ್ಟವಾಗಿ ಕೇಳಿತು.

"ಒಂದೇ ನಿಮಿಷ. ನೋವಾಗಲ್ಲ."

ಅಷ್ಟು ತಿಂಗಳಲ್ಲಿ ಹೊಸದರ ಜೊತೆ ಅವನು ಆ ಮಾತು ಆಡಿದ್ದು ಅದೇ ಮೊದಲು. ಮೆತ್ತನೆಯ ಸದ್ದು ಬಂತು. ನಾನು ಕಾದೆ. ಟಕ್ ಎಂಬುದು ಬರಲಿಲ್ಲ. ನೋಡುತ್ತಿದ್ದ ಏಳೆಂಟು ಜನ ಒಟ್ಟಿಗೆ ಉಸಿರು ಬಿಟ್ಟರು. ಆಮೇಲೆ ಯಾವ ಮಗುವಾದರೂ ಹಾಕಬಹುದಾದ ಇನ್ನೊಂದು ಸಣ್ಣ ತಟ್ಟು, ಆಗ ಟಕ್ ಎಂಬುದು ಬಂತು.

ಅಂಕಪಟ್ಟಿಯಲ್ಲಿ ಚೆಲುವರಾಜು ಐವತ್ತೊಂದನೆಯವನಾದ.

ಅವನು ಸಹಿ ಹಾಕಲು ಡೇರೆಗೆ ಹೋದಾಗ ಕಾಳಯ್ಯ ನನ್ನನ್ನು ಹೊರಗೆ ತೆಗೆದು, ಒದ್ದೆ ಟವೆಲಿನಿಂದ ಒರೆಸಿ, ತಲೆ ಮೇಲೆ ಮಾಡಿ ಇಟ್ಟ. ನನ್ನ ಮೇಲೆ ಕೊಳೆ ಇರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹತ್ತಿದರು. ಚೀಲವನ್ನು ಕೊನೆಯ ಸೀಟಿನ ಹಿಂದೆ ನಿಲ್ಲಿಸಿ, ಅದರ ಪಕ್ಕದಲ್ಲೇ ಕುಳಿತರು. ಬಸ್ಸು ಘಟ್ಟ ಇಳಿಯಿತು. ಬಂಡೀಪುರದ ಕಾಡಿನಲ್ಲಿ ಕಾಳಯ್ಯ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದ: "ನಾ ನಲ್ಲಿತವ್ಕ್ ಓಗ್ಬಾರ್ದಿತ್ತು."

"ಇಟ್ಟೋನು ನಾನು, ಭಾವ," ಎಂದ ಚೆಲುವರಾಜು.

ಮೈಸೂರು ಬರುವವರೆಗೆ ಅವರು ಆಡಿದ್ದು ಇಷ್ಟೇ.

ಅಕ್ಕನಿಗೆ ಕೊಟ್ಟ ಮಾತಿನಂತೆ ಅವನು ಅರ್ಹತಾ ಸುತ್ತಿಗೆ ಹೋಗಲಿಲ್ಲ. ಬೆಟ್ಟದ ತಪ್ಪಲಿನ ಕ್ಲಬ್ಬಿನಲ್ಲೇ, ಹೊಸಬರು ಸಾಲಾಗಿ ನಿಂತು ಚೆಂಡು ಹೊಡೆಯುವ ಅಭ್ಯಾಸದ ಅಂಗಳದಲ್ಲಿ, ಕಲಿಸುವ ಕೆಲಸಕ್ಕೆ ಸೇರಿದ. ಕಲಿಸುವವನಿಗೆ ಕ್ಯಾಡಿ ಬೇಕಿಲ್ಲ. ಕಾಳಯ್ಯ ಸದಸ್ಯರ ಚೀಲ ಹೊರಲು ಹೋದ. ಇಬ್ಬರ ನಡುವೆ ಜಗಳವಿರಲಿಲ್ಲ. ದಾರಿಯಲ್ಲಿ ಎದುರಾದರೆ ಮಕ್ಕಳ ವಿಷಯ, ಬಿಸಿಲಿನ ವಿಷಯ ಆಡಿ ಹೋಗುತ್ತಿದ್ದರು. ಹನ್ನೆರಡು ವರ್ಷ ಒಂದೇ ಕೋಣೆಯಲ್ಲಿ ಮಲಗಿದವರು ಹಾಗೆ ಬಿಸಿಲಿನ ಬಗ್ಗೆ ಮಾತಾಡುವುದನ್ನು ನಾನು ಶೆಡ್ಡಿನ ಮೂಲೆಯಿಂದ ಕೇಳುತ್ತಿದ್ದೆ.

ಆ ಮೂಲೆಯೇ ಈಗ ನನ್ನ ಮನೆ. ತುಕ್ಕು ಹಿಡಿದ ಒಂದು ಡ್ರಮ್ಮಿನಲ್ಲಿ, ಸ್ವಂತ ಕೋಲಿಲ್ಲದವರಿಗೆ ಕೊಡುವ ಕೋಲುಗಳ ಜೊತೆ ನಿಂತಿರುತ್ತೇನೆ. ದಿನಕ್ಕೊಬ್ಬರ ಕೈ, ದಿನಕ್ಕೊಂದು ಬೂಟು. ಯಾರೂ ಎರಡನೆಯ ಸಲ ನನ್ನನ್ನೇ ಹುಡುಕಿ ಎತ್ತುವುದಿಲ್ಲ. ಭಾರ ಎನ್ನುತ್ತಾರೆ. ಹೊಸ ಪಟ್ಟರ್ ಅರವಿಂದನ್ ಹತ್ತಿರ ಇದೆಯಂತೆ. ಬೆಳಿಗ್ಗೆ ಶೆಡ್ಡಿನ ಎದುರಿಗೇ ಕಾಳಯ್ಯ ಯಾರದೋ ಚೀಲ ಇಳಿಸಿ, ತಲೆಗಳನ್ನು ಮುಟ್ಟಿ ಎಣಿಸುವುದು ಕಾಣುತ್ತದೆ. ಈಗ ಎರಡು ಸಲ ಎಣಿಸುತ್ತಾನೆ.

ಎರಡು ಮಳೆಗಾಲ ಹೀಗೇ ಹೋದವು. ಆಮೇಲೆ ಒಂದು ಸೋಮವಾರ, ಕ್ಲಬ್ಬಿಗೆ ರಜೆಯ ದಿನ, ಹೊಲಿಗೆ ಹಾಕಿಸಿದ ಬಿಳಿ ಬೂಟು ಶೆಡ್ಡಿನ ಬಾಗಿಲಲ್ಲಿ ಬಂದು ನಿಂತಿತು.

"ಆಡಾಕಿಲ್ವಾ?" ಎಂದ ಕಾಳಯ್ಯ.

ಚೆಲುವರಾಜು ಎದ್ದ. ಆಮೇಲೆ ಹಳೆಯ ಕ್ಯಾನ್ವಾಸ್ ಚೀಲವೊಂದಕ್ಕೆ ಡ್ರಮ್ಮಿನಿಂದ ಕೈಗೆ ಸಿಕ್ಕ ಕೋಲುಗಳನ್ನು ಹಾಕಿದ. ಕೊನೆಯಲ್ಲಿ ನನ್ನನ್ನು ಹುಡುಕಿ ತೆಗೆದು ಹಾಕಿದ. ತಾನೇ ಹೊರುತ್ತೇನೆಂದರೂ ಕಾಳಯ್ಯ ಚೀಲ ಬಿಡಲಿಲ್ಲ. ಮೊದಲ ಹೊಡೆತದ ಜಾಗದಲ್ಲಿ ಅದನ್ನು ಇಳಿಸಿ, ಒಂದೊಂದೇ ತಲೆ ಮುಟ್ಟುತ್ತ ಬಂದು, ನನ್ನ ತಲೆಯ ಹಿಂದಿನ ಗುಳಿಯ ಮೇಲೆ ಹೆಬ್ಬೆರಳಿಟ್ಟು ನಿಲ್ಲಿಸಿದ.

"ಏಳವೆ," ಎಂದ.

"ಸರಿಯಾಗ್ ನೋಡು ಭಾವ, ಇನ್ನೂ ಏಳಕ್ಕೆ ಜಾಗ ಅದೆ," ಎಂದ ಚೆಲುವರಾಜು.

ಕಾಳಯ್ಯ ನಗಲಿಲ್ಲ. ಮತ್ತೊಮ್ಮೆ ಮೊದಲಿನಿಂದ ಎಣಿಸಿದ. ಆಮೇಲೆ ನಕ್ಕ.

ಮಂಗಳವಾರದಿಂದ ಭಾನುವಾರದವರೆಗೆ ನಾನು ಡ್ರಮ್ಮಿನಲ್ಲಿರುತ್ತೇನೆ. ಎಣಿಕೆಗೆ ಸೇರುವುದು ಸೋಮವಾರ ಮಾತ್ರ.